ಭಾರದ ಜೊತೆ ಏರಿದ ಮಾತ್ರೆ

ಟೈರ್ ಅಂಗಡಿಯ ಮುಂದೆ, ಅಲ್ಲೇ ಕೆಲಸ ಮಾಡುವ ಗೂಳಿಯ ಎಡಗಾಲಿನ ಚಪ್ಪಲಿ ಕಳಚಿ ಬಿತ್ತು. ಅದು ಅವನಿಗೆ ಗೊತ್ತೇ ಆಗಲಿಲ್ಲ. ಬಿಸಿ ಡಾಂಬರನ್ನು ಬರಿಗಾಲಲ್ಲಿ ತುಳಿದು ರಸ್ತೆ ದಾಟಿ, ಲಾರಿಯ ಚಕ್ರಕ್ಕೆ ಜಾಕ್ ಕೊಡಲು ಕೂತ ಮೇಲೆ ಯಜಮಾನ ಕೂಗಿದ: "ಏನಪ್ಪಾ ಗೂಳಿ, ಒಂದೇ ಕಾಲಿಗೆ ಚಪ್ಪಲಿ ಹಾಕೋ ಫ್ಯಾಷನ್ ಯಾವಾಗ ಬಂತು?"

ಎಲ್ಲರೂ ನಕ್ಕರು. ಗೂಳಿಯೂ ನಕ್ಕ. ನಗುತ್ತಲೇ ಬರಿಪಾದವನ್ನು ಮುಟ್ಟಿ ನೋಡಿಕೊಂಡ. ಮೊದಮೊದಲು ಪಾದದಲ್ಲಿ ಜುಮುಜುಮು ಇತ್ತು. ಆಮೇಲೆ ಹತ್ತಿಯ ಮೇಲೆ ನಡೆದ ಹಾಗೆ. ಈಗ ಅದೂ ಇಲ್ಲ.

ಗೂಳಿ ಅನ್ನುವುದು ಭಾರ ಎತ್ತುವವರ ಜಿಮ್‌ನಲ್ಲಿ ಅವನ ಕುತ್ತಿಗೆ ನೋಡಿ ಇಟ್ಟ ಹೆಸರು. ಮೈ ಗೂಳಿಯದು, ಪ್ರಾಣ ಮಾತ್ರ ಗುಬ್ಬಿಯದು. ಸೂಜಿ ಕಂಡರೆ ಬೆವರುವ ಆಸಾಮಿ. ಅದಕ್ಕೇ ಕೆಲವರು ಕದ್ದುಮುಚ್ಚಿ ಚುಚ್ಚಿಸಿಕೊಳ್ಳುವ ಹಾರ್ಮೋನಿನ ತಂಟೆಗೆ ಅವನು ಹೋಗಲಿಲ್ಲ. ಕೋಚ್ ಒಂದು ದಿನ, "ಸತುವಿನ ಮಾತ್ರೆ ತಗೋ, ದಿನಕ್ಕೊಂದು. ಗಂಡಸ್ರ ಹಾರ್ಮೋನ್ ಏರುತ್ತಂತೆ" ಅಂದಿದ್ದ. ಒಂದು ಅಂದರೆ ಒಂದೇ.

ಇನ್ಯಾರಾದರೂ ಆಗಿದ್ದರೆ ಒಂದಕ್ಕೇ ನಿಲ್ಲಿಸುತ್ತಿದ್ದರು. ಜಿಮ್‌ನವರ ಬುದ್ಧಿ ಬೇರೆ. ಹೊತ್ತ ಭಾರಕ್ಕೆ ಮೈ ಒಗ್ಗಿಹೋಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಏರಿಸುತ್ತಿರಬೇಕು ಎಂಬುದೇ ಅಲ್ಲಿಯ ವೇದ. ಮಾತ್ರೆಗೂ ಮೈ ಒಗ್ಗಿಹೋಗುತ್ತದೆ ಎಂದು ಗೂಳಿ ಲೆಕ್ಕ ಹಾಕಿದ. ಸರಳಿಗೆ ಕಬ್ಬಿಣ ಏರಿದಾಗಲೆಲ್ಲ ಅಂಗೈಯಲ್ಲಿ ಮಾತ್ರೆಯೂ ಏರಿತು. ಬೆಲ್ಲ ಹಾಕಿದಷ್ಟೂ ಸಿಹಿ ಅಂದುಕೊಂಡಿತ್ತು ಆ ಮಹಾಬುದ್ಧಿ. ತಿಂಗಳುಗಳು ಉರುಳಿದ ಮೇಲೆ ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ.

ತಾನೊಬ್ಬನೇ ತಿಂದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ತಂಗಿಗೂ ಕೊಟ್ಟಿದ್ದ. ಅವಳೂ ಭಾರ ಎತ್ತುವವಳೇ, ಅವನಿಗಿಂತ ಹಟಮಾರಿ. "ಬಲ ಬರುತ್ತೆ, ತಗೋ ಪುಟ್ಟಿ" ಅಂದಾಗ, "ಮೀಸೆ ಬಂದ್ರೆ ನೀನೇ ಬೋಳಿಸ್ಬೇಕು ನೋಡಣ್ಣ" ಎಂದು ನಗುತ್ತಲೇ ನುಂಗಿದ್ದಳು. ಅಣ್ಣ ಏರಿಸಿದಾಗಲೆಲ್ಲ ಅವಳೂ ಏರಿಸಿದ್ದಳು.

ಚಪ್ಪಲಿ ಬಿದ್ದ ದಿನವೇ ಗೂಳಿ ಹೆದರಿ ಆಸ್ಪತ್ರೆಗೆ ಓಡಿದ. ಕಣ್ಣು ಮುಚ್ಚಿಕೊಂಡು ರಕ್ತ ಕೊಟ್ಟ. ವರದಿ ಬಂದ ದಿನ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಮೈಯಲ್ಲಿ ಸತು ವಿಪರೀತ ಇದೆ, ತಾಮ್ರ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ ಆಗಿದೆ. ಸತು ಅತಿಯಾದ್ರೆ ಕರುಳು ತಾಮ್ರನ ಒಳಗೆ ಬಿಟ್ಕೊಳ್ಳಲ್ಲ. ತಾಮ್ರ ಇಲ್ದೆ ರಕ್ತನೂ ಕಮ್ಮಿ ಆಗಿದೆ, ನರ ಒಣಗ್ತಾ ಬಂದಿದೆ."

"ಮತ್ತೆ ಹಾರ್ಮೋನ್, ಮೇಡಂ?"

"ಅದು ಎಲ್ರಿಗೂ ಇರೋಷ್ಟೇ ಇದೆ. ಸತುವಿನ ಕೊರತೆ ಇದ್ದೋರಿಗೆ ಮಾತ್ರೆಯಿಂದ ಸರಿಹೋಗಬಹುದು. ಹೊಟ್ಟೆ ತುಂಬಾ ತಿನ್ನೋ ನಿಮಗೆ ಅದೇನು ಏರಿಸುತ್ತೆ?"

"ಕಾಲು ಸರಿ ಹೋಗುತ್ತಾ?"

ಡಾಕ್ಟರಮ್ಮ ಔಷಧಿ ಚೀಟಿ ಎಳೆದುಕೊಂಡರು. "ಇವತ್ತೇ ಸತು ನಿಲ್ಲಿಸಿ. ತಾಮ್ರ ಕೊಡೋಣ. ರಕ್ತ ಬೇಗ ಸುಧಾರಿಸುತ್ತೆ. ನರದ್ದು ಹೇಳಕ್ಕಾಗಲ್ಲ. ಎಷ್ಟು ಬೇಗ ಬರ್ತಾರೋ ಅಷ್ಟು ಒಳ್ಳೇದು. ನೀವು ತಡ ಮಾಡಿದ್ರಿ."

ಅಲ್ಲಿಯವರೆಗೆ ಗೂಳಿಗೆ ತನ್ನ ಕಾಲಿನದೇ ಚಿಂತೆ. ಕುರ್ಚಿಯಿಂದ ಎದ್ದಾಗ ತಂಗಿ ನೆನಪಾದಳು. ಭಾನುವಾರ ಅವಳ ಸ್ಪರ್ಧೆ. ಈಗ ಅವಳು ಜಿಮ್‌ನಲ್ಲಿ ಹೆಗಲ ಮೇಲೆ ತನ್ನ ತೂಕದ ಎರಡರಷ್ಟು ಭಾರ ಹೊತ್ತು ಕೂತು ಏಳುತ್ತಿರುತ್ತಾಳೆ. ಪಾದ ಒಂದಿಷ್ಟು ಜಾರಿದರೆ, ಜಾರಿದ್ದು ತಿಳಿಯದಿದ್ದರೆ, ಅಷ್ಟೂ ಕಬ್ಬಿಣ ಅವಳ ಕತ್ತಿನ ಮೇಲೆ.

ಫೋನ್ ಎತ್ತಲಿಲ್ಲ ಅವಳು. ಗೂಳಿ ರಸ್ತೆಯುದ್ದಕ್ಕೂ ಎಡವುತ್ತ, ಗೋಡೆ ಹಿಡಿಯುತ್ತ, ಬೈಸಿಕೊಳ್ಳುತ್ತ ಹೋದ. ಹಾಡುಹಗಲಲ್ಲೇ ಕುಡಿದಿದ್ದಾನೆ ಅಂದರು ಯಾರೋ.

ಒಳಗೆ ಅವಳು ಸರಳಿನ ಕೆಳಗೆ ಹೆಗಲು ಕೊಟ್ಟಾಗಿತ್ತು.

"ಬಿಡು ಅದನ್ನ!"

"ಯಾಕಣ್ಣ, ಏನಾಯ್ತು?" ಅವನ ಮುಖ ನೋಡಿ ಅವಳು ಗಾಬರಿಯಾಗಿ ಈಚೆ ಬಂದಳು.

"ಬೂಟು ಬಿಚ್ಚು. ಕೂತ್ಕೋ ಇಲ್ಲಿ."

"ಹುಚ್ಚು ಹಿಡಿದಿದ್ಯಾ ನಿಂಗೆ?" ಎಂದು ಗೊಣಗುತ್ತ ಬೆಂಚಿನ ಮೇಲೆ ಕೂತು ಬೂಟು, ಕಾಲುಚೀಲ ತೆಗೆದಳು. ಗೂಳಿ ನೆಲಕ್ಕೆ ಕುಸಿದು ಅವಳ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡ.

"ಕಣ್ಣು ಮುಚ್ಚು. ನಾನು ಒಂದು ಬೆರಳು ಒತ್ತುತ್ತೀನಿ. ಯಾವುದು ಅಂತ ಹೇಳು."

ಅವಳು ಕಣ್ಣು ಮುಚ್ಚಿದಳು. ಗೂಳಿ ಹೆಬ್ಬೆರಳನ್ನು ಹಿಡಿದು ಒತ್ತಿದ. ಸುಮ್ಮನಿದ್ದಳು. ಇನ್ನೂ ಗಟ್ಟಿಯಾಗಿ, ಟೈರು ಕೀಳುವ ಕೈಯ ಬಲವನ್ನೆಲ್ಲ ಹಾಕಿ ಉಗುರಿನ ಮೇಲೆ ಒತ್ತಿದ. ಅವಳ ಬೆರಳು ಬೆಳ್ಳಗೆ ಬಿಳಿಚಿಕೊಂಡಿತು.

"ಒತ್ತಣ್ಣ ಬೇಗ," ಅಂದಳು ತಂಗಿ, ಕಣ್ಣು ಮುಚ್ಚಿಕೊಂಡೇ. "ಇನ್ನೂ ಎರಡು ಸೆಟ್ ಬಾಕಿ ಇದೆ ನಂದು."