ಐದನೇ ಮಹಡಿಯ ಕೋಚ್

ಮಗು ಶಾಂತವಾಗಿ ಬೆಳೆಯಲಿ ಎಂದು ತಾಯಿ ಹುಡುಕಿ ಹುಡುಕಿ ತೀಖೊನ್, ಅಂದರೆ ಸದ್ದಿಲ್ಲದವನು, ಎಂದು ಹೆಸರಿಟ್ಟಿದ್ದಳು. ಆ ಹೆಸರು ಅವನ ಮೈಗೆ ಹತ್ತಲೇ ಇಲ್ಲ. ಜರೆಚೆನ್ಸ್ಕ್ ಊರಿನ ಚರ್ಮದ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ತೀಖೊನ್ ಶುಮೀಲೊವ್ ಎಡಬದಿಯ ರಕ್ಷಕನಾಗಿ ಆಡುತ್ತಿದ್ದ ಕಾಲದಲ್ಲಿ, ಅವನು ಬಾಯಿ ತೆರೆದರೆ ಕಾಮಾ ನದಿಯ ಆಚೆ ದಡದಲ್ಲಿ ಮೀನು ಹಿಡಿಯುವವರು ಗಾಳ ಎಳೆದುಕೊಂಡು ಬೈಯುತ್ತಿದ್ದರು. ಚೆಂಡಿನ ಮೇಲೆ ಅವನಿಗಿದ್ದ ಹಿಡಿತ ಅಷ್ಟಕ್ಕಷ್ಟೆ. ರೆಫರಿಯ ಜೊತೆ ಜಗಳ ತೆಗೆಯುವುದರಲ್ಲಿ ಮಾತ್ರ ಅವನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಒಮ್ಮೆ ಪಂದ್ಯ ಶುರುವಾಗುವ ಮೊದಲೇ, ಕೈಕುಲುಕುವ ಸಾಲಿನಲ್ಲಿ ನಿಂತಿದ್ದಾಗಲೇ, ಕೆಂಪು ಕಾರ್ಡು ಪಡೆದು ಹೊರಹೋಗಿದ್ದ. ಇನ್ನೊಮ್ಮೆ ಕಾಲು ಉಳುಕಿ ಸ್ಟ್ರೆಚರಿನ ಮೇಲೆ ಮಲಗಿ ಹೋಗುತ್ತಿದ್ದವನ ಹಿಂದೆಯೇ ಸುಖೋವ್ ಎಂಬ ರೆಫರಿ ಓಡಿಬಂದು ಕಾರ್ಡು ತೋರಿಸಿದ್ದ. ಮಲಗಿದ ಬಾಯಿಂದ ಅದೇನು ಬಂದಿತ್ತೋ, ಸ್ಟ್ರೆಚರ್ ಹೊತ್ತವರು ತಮ್ಮ ಹೆಂಡಂದಿರಿಗೂ ಹೇಳಲಿಲ್ಲ.

ಮಂಡಿ ಕೈಕೊಟ್ಟ ಮೇಲೆ ತೀಖೊನ್ ಅದೇ ತಂಡದ ಕೋಚ್ ಆದ. ಕಾರ್ಖಾನೆಯವರಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ. ಕೋಚ್ ಆದರೆ ಮನುಷ್ಯ ಗಂಭೀರನಾಗುತ್ತಾನೆ ಎಂದು ಕೆಲವರು ನಂಬಿದ್ದರು. ಮೊದಲ ಪಂದ್ಯದಲ್ಲೇ ರೆಫರಿ ಅವನನ್ನು ಹೊರಗಟ್ಟಿದ. ಎರಡನೆಯದರಲ್ಲೂ ಅಟ್ಟಿದರು, ಮೂರನೆಯದರಲ್ಲೂ ಅಟ್ಟಿದರು. ಕೊನೆಗೆ ಲೀಗಿನ ಶಿಸ್ತು ಸಮಿತಿ ಬೇಸತ್ತು ಆಜ್ಞೆ ಹೊರಡಿಸಿತು: ಈ ಋತು ಮುಗಿಯುವವರೆಗೆ ಪಂದ್ಯದ ದಿನ ಶುಮೀಲೊವ್ ಸ್ಟೇಡಿಯಂ ಒಳಗೆ ಕಾಲಿಡಕೂಡದು, ಬೆಂಚಿಗೆ ಫೋನನ್ನೂ ಮಾಡಕೂಡದು.

ತೀಖೊನ್ ತಲೆ ಮೇಲೆ ಕೈಹೊತ್ತು ಕೂತ. ಸಮಾಧಾನ ಹೇಳಿದವನು ತಂಡದ ನಾಯಕ ಮಿರೋನ್. ಮರ್ಯಾದೆಗೆಂದು ಅವನು ಕೋಚನ್ನು ತಂದೆಯ ಹೆಸರು ಸೇರಿಸಿಯೇ ಕರೆಯುತ್ತಿದ್ದ.

"ತೀಖೊನ್ ಜಖಾರಿಚ್, ಒಳಗೆ ಕಾಲಿಡಬಾರದು ಅಂತ ತಾನೆ ಹೇಳಿರೋದು? ಅಲ್ನೋಡಿ." ಮಿರೋನ್ ಉತ್ತರದ ಗೋಲಿನ ಹಿಂದಿದ್ದ ಐದು ಮಹಡಿಯ ಹಳೇ ಕಟ್ಟಡದ ಕಡೆ ಗದ್ದ ಎತ್ತಿದ. "ಅದೇನೂ ಸ್ಟೇಡಿಯಂ ಅಲ್ವಲ್ಲ."

ಆ ಕಟ್ಟಡದ ಮುಂದೆ ಪಾಪ್ಲರ್ ಮರಗಳು ದಟ್ಟವಾಗಿ ಬೆಳೆದಿದ್ದವು. ಮೈದಾನ ಪೂರ್ತಿ ಕಾಣುತ್ತಿದ್ದುದು ಐದನೇ ಮಹಡಿಯ ಒಂದೇ ಒಂದು ಬಾಲ್ಕನಿಯಿಂದ. ಲಿಫ್ಟ್ ಇರಲಿಲ್ಲ. ತೀಖೊನ್ ನೋಯುವ ಮಂಡಿಯನ್ನು ಎಳೆದುಕೊಂಡು ಹತ್ತಿ ಗಂಟೆ ಒತ್ತಿದ. ಬಾಗಿಲು ಒಳಗಿನ ಸರಪಳಿ ಬಿಡುವಷ್ಟು ಮಾತ್ರ ತೆರೆಯಿತು.

"ಯಾರು? ಗ್ಯಾಸಿನವನಾ?"

"ಅಲ್ಲಮ್ಮ, ಫುಟ್‌ಬಾಲ್ ಕೋಚು. ಶುಮೀಲೊವ್ ಅಂತ."

ಸಂದಿಯಲ್ಲಿದ್ದ ಕಣ್ಣು ಕಿರಿದಾಯಿತು. "ಓಹೋ, ನೀನೇನಾ ಆ ಗಂಟಲು! ನೀನು ಆಡ್ತಿದ್ದ ಕಾಲದಿಂದ ನೋಡ್ತಿದೀನಿ, ಮ್ಯಾಚ್ ಅಂದ್ರೆ ಸಾಕು, ನನ್ನ ಬೆಕ್ಕು ಮಂಚದ ಕೆಳಗೆ ಸೇರ್ಕೊಂಡ್ರೆ ಈಚೆ ಬರಲ್ಲ. ಈಗ ಮನೇಗೇ ಬಂದ್ಬಿಟ್ಯಾ?"

ಗ್ಲಾಫಿರಾ ಕುಜ್ಮಿನಿಚ್ನಾ ಎಂಬ ಆ ಮುದುಕಿ ಟ್ರಾಮಿನಲ್ಲಿ ಟಿಕೆಟು ಹರಿದು ನಿವೃತ್ತಳಾದವಳು. ತೀಖೊನ್ ತನ್ನ ಕಷ್ಟವನ್ನೆಲ್ಲ ಬಾಗಿಲ ಸಂದಿಗೆ ಹೇಳಿಕೊಂಡ. ಅವಳು ಪೂರ್ತಿ ಕೇಳಿಸಿಕೊಂಡು ಸರಪಳಿ ತೆಗೆದಳು.

"ಬೂಟು ಬಿಚ್ಚು. ಒಂದು ಮಾತು ನೆನಪಿಟ್ಕೋ. ಈ ಮನೇಲಿ ಕಿರುಚಿದವರಿಗೆ ಪಿರೋಗ್ ಇಲ್ಲ."

ಒಳಗಿಂದ ಬೆಣ್ಣೆ ಹಿಟ್ಟಿನೊಳಗೆ ಎಲೆಕೋಸು ತುಂಬಿ ಆಗತಾನೇ ಬೇಯಿಸಿದ ಪಿರೋಗಿನ ಪರಿಮಳ ಬಂತು. ತೀಖೊನ್ ತೆಪ್ಪಗೆ ಬೂಟು ಬಿಚ್ಚಿದ.

ಮೊದಲ ಪಂದ್ಯ ಅವನಿಗೆ ನರಕವಾಯಿತು. ಕೆಳಗೆ ತನ್ನ ಹುಡುಗರು ಹೊಡೆತ ತಿನ್ನುತ್ತಿದ್ದರೆ ಮೇಲೆ ಇವನು ಸೋಫಾದ ದಿಂಬು ಕಚ್ಚಿಕೊಂಡು ನಿಂತಿದ್ದ.

"ಕೂಗೋ ಹಾಗಿಲ್ಲ, ಫೋನ್ ಮಾಡೋ ಹಾಗಿಲ್ಲ," ಎಂದು ಗೋಳಾಡಿದ. "ಅವರಿಗೆ ಹೇಳೋದಾದ್ರೂ ಹ್ಯಾಗಮ್ಮ?"

"ದಿಂಬು ಹರೀಬೇಡ. ಸ್ವಲ್ಪ ಆ ಕಡೆ ಸರಿ, ಬಟ್ಟೆ ಒಣಹಾಕ್ಬೇಕು," ಎಂದು ಗ್ಲಾಫಿರಜ್ಜಿ ಅವನನ್ನು ಮೊಣಕೈಯಿಂದ ತಳ್ಳಿ ತಂತಿಯ ಮೇಲೆ ಬಿಳಿ ಹಾಸಿಗೆ ಚಾದರ ಹರವಿದಳು.

ತೀಖೊನ್ ಚಾದರವನ್ನು ನೋಡಿದ, ಮೈದಾನವನ್ನು ನೋಡಿದ, ಮತ್ತೆ ಚಾದರವನ್ನು ನೋಡಿದ. ಮಂಗಳವಾರದ ಅಭ್ಯಾಸಕ್ಕೆ ಹೋದವನೇ ಹುಡುಗರಿಗೆ ಹೊಸ ಪಾಠ ಹೇಳಿಕೊಟ್ಟ. ಬಿಳಿ ಚಾದರ ಕಂಡರೆ ಎಲ್ಲರೂ ಹಿಂದೆ ಬಂದು ಗೋಲು ಕಾಯಬೇಕು. ಕೆಂಪು ಕಂಬಳಿ ಕಂಡರೆ ಎಲ್ಲರೂ ಮುಂದೆ ನುಗ್ಗಬೇಕು. ಪಟ್ಟೆಪಟ್ಟೆ ಟವೆಲು ಬಂದರೆ ಚೆಂಡು ಎಡಗಡೆಗೆ.

ಮುಂದಿನ ಪಂದ್ಯದಲ್ಲಿ ಆಟಗಾರರು ಪದೇಪದೇ ಹಿಂದೆ ತಿರುಗಿ ಆಕಾಶ ನೋಡುವುದನ್ನು ಕಂಡು, ಇಡೀ ತಂಡಕ್ಕೇ ಕತ್ತು ಉಳುಕಿದೆ ಎಂದುಕೊಂಡರು ಜನ. ಆದರೂ ಗೆದ್ದರು. ಪಂದ್ಯ ಮುಗಿದ ಮೇಲೆ ಮಿರೋನ್ ಮೆಟ್ಟಿಲ ಬುಡದಲ್ಲಿ ಕಾದಿದ್ದ.

"ಎಲ್ಲಾ ಅರ್ಥ ಆಯ್ತು, ತೀಖೊನ್ ಜಖಾರಿಚ್. ಆದ್ರೆ ಆ ಉಣ್ಣೆ ಚಡ್ಡಿ ಬಂತಲ್ಲ, ಅದಕ್ಕೇನು ಮಾಡ್ಬೇಕಿತ್ತು? ಗೊತ್ತಾಗ್ದೆ ಬಲಗಡೆಯಿಂದ ನುಗ್ಗಿದ್ವಿ. ಗೋಲಾಯ್ತು."

ಅದು ಗ್ಲಾಫಿರಜ್ಜಿಯ ದಿವಂಗತ ಗಂಡನ ಚಡ್ಡಿ. ಹುಳು ಹಿಡಿಯದಿರಲೆಂದು ಗಾಳಿಗೆ ಹಾಕಿದ್ದಳು.

"ಅದೇ ಸರಿ," ಎಂದ ತೀಖೊನ್ ಗಂಭೀರವಾಗಿ. "ಚಡ್ಡಿ ಅಂದ್ರೆ ಬಲಗಡೆ."

ಅಲ್ಲಿಂದ ತಂಡ ಗೆಲ್ಲುತ್ತಲೇ ಹೋಯಿತು. ತೀಖೊನ್‌ಗೆ ಸಂತೋಷವೂ ಆಯಿತು, ಒಳಗೊಳಗೇ ಚುಚ್ಚಿದಂತೆಯೂ ಆಯಿತು. ಇಷ್ಟು ವರ್ಷ ಗಂಟಲು ಹರಿದುಕೊಂಡದ್ದಕ್ಕಿಂತ ಸತ್ತ ಮನುಷ್ಯನ ಚಡ್ಡಿಯೇ ಹುಡುಗರಿಗೆ ಚೆನ್ನಾಗಿ ಅರ್ಥವಾಗುತ್ತಿದೆಯಲ್ಲ! ಆದರೆ ಆ ಬೇಸರ ಪಿರೋಗಿನ ಎರಡನೇ ತುಂಡಿನವರೆಗೂ ಉಳಿಯುತ್ತಿರಲಿಲ್ಲ.

ಋತುವಿನ ಕೊನೆಯ ಪಂದ್ಯ ಪಕ್ಕದೂರಿನ ಮೋಟಾರು ಕಾರ್ಖಾನೆಯವರ ಮೇಲೆ. ಗೆದ್ದವರು ಮೇಲಿನ ಲೀಗಿಗೆ. ರೆಫರಿಯಾಗಿ ಬಂದವನು ಅದೇ ಸುಖೋವ್. ಮೊದಲರ್ಧದಲ್ಲೇ ಕೆಂಪು ಕಂಬಳಿ ಕೆಲಸ ಮಾಡಿ ಚರ್ಮದವರು ಒಂದು ಗೋಲು ಹೊಡೆದರು. ದ್ವಿತೀಯಾರ್ಧಕ್ಕೆ ತೀಖೊನ್ ಬಿಳಿ ಚಾದರ ಹರವಿ, ಟೀ ಲೋಟ ಹಿಡಿದು, ಇನ್ನೇನು ಗೆದ್ದೆವು ಎಂದು ಕುರ್ಚಿಗೆ ಒರಗಿದ.

ಚಾದರವನ್ನು ಸರಿಯಾಗಿ ಹಿಂಡಿರಲಿಲ್ಲ. ನೀರು ನಾಲ್ಕನೇ ಮಹಡಿಯ ನೋನ್ನಾ ಎಂಬ ಹೆಂಗಸಿನ ಬಾಲ್ಕನಿಗೆ, ಅವಳ ಸೌತೆಕಾಯಿ ಉಪ್ಪಿನಕಾಯಿಯ ಜಾಡಿಗಳ ಮೇಲೆ ತೊಟ್ಟಿಕ್ಕತೊಡಗಿತು. ನೋನ್ನಾ ಸಿಟ್ಟಿನಿಂದ ಹೊರಬಂದು ಜಾಡಿಗಳಿಗೆ ಮರೆಯಾಗಲೆಂದು ಕೋಣೆಯ ಗೋಡೆಗೆ ಅಲಂಕಾರಕ್ಕೆ ತೂಗುಹಾಕಿದ್ದ ಕಾರ್ಪೆಟ್ಟನ್ನೇ ಕಿತ್ತು ತಂದು ಕಟಕಟೆಯ ಮೇಲೆ ಹರವಿದಳು. ಕಾರ್ಪೆಟ್ಟು ಬೆಂಕಿಯಂಥ ಕೆಂಪು.

ಹುಡುಗರು ಕಂಡರು. ಕೆಂಪು! ಅದೂ ಇಷ್ಟು ದೊಡ್ಡದು! ಇದರ ಅರ್ಥ ಗೋಲ್‌ಕೀಪರ್ ಕೂಡ ಬರಬೇಕೆಂದೇ ಇರಬೇಕು ಎಂದುಕೊಂಡು ಹನ್ನೊಂದೂ ಜನ ಎದುರಾಳಿಯ ಗೋಲಿನತ್ತ ದೌಡಾಯಿಸಿದರು. ಮೋಟಾರಿನವರು ಮಧ್ಯದಿಂದಲೇ ಚೆಂಡನ್ನು ಖಾಲಿ ಗೋಲಿಗೆ ಒದ್ದರು. ಒಂದಕ್ಕೊಂದು ಸಮ.

ತೀಖೊನ್ ಕಟಕಟೆಯಿಂದ ಅರ್ಧ ಮೈ ಕೆಳಗೆ ಬಗ್ಗಿಸಿ ಪಿಸುಗುಟ್ಟಿದ. "ನೋನ್ನಾ, ದಮ್ಮಯ್ಯ, ಆ ಕಾರ್ಪೆಟ್ ತೆಗೀರಿ!"

"ಏನು? ಜೋರಾಗಿ ಹೇಳಿ!"

"ಜೋರಾಗಿ ಹೇಳೋ ಹಾಗಿಲ್ಲ! ಕಾರ್ಪೆಟ್!"

"ಮೊದ್ಲು ನಿಮ್ಮ ಚಾದರ ತೆಗೀರಿ! ನನ್ನ ಉಪ್ಪಿನಕಾಯಿಗೆಲ್ಲ ಸೋಪಿನ ನೀರು!"

ಚಾದರ ತೆಗೆದರೆ ಇರುವ ಒಂದು ಸೂಚನೆಯೂ ಹೋಗುತ್ತದೆ. ಅಷ್ಟರಲ್ಲಿ ಚರ್ಮದವರು ಮತ್ತೆ ಗುಂಪಾಗಿ ನುಗ್ಗಿದ್ದರು, ಚೆಂಡು ಮತ್ತೆ ಮೋಟಾರಿನವರ ಕಾಲಿಗೆ ಸಿಕ್ಕಿತ್ತು, ಗೋಲು ಮತ್ತೆ ಖಾಲಿ ಬಿದ್ದಿತ್ತು. ತೀಖೊನ್ ತಟ್ಟೆಯ ಕಡೆ ನೋಡಿದ. ಗ್ಲಾಫಿರಜ್ಜಿ ಕಿತ್ತುಕೊಳ್ಳುವ ಮೊದಲೇ ಉಳಿದ ಪಿರೋಗನ್ನು ಇಡಿಯಾಗಿ ಬಾಯಿಗೆ ತುರುಕಿ, ಕಣ್ಣಲ್ಲಿ ನೀರು ಬರುವಂತೆ ನುಂಗಿ, ಎದೆ ತುಂಬ ಉಸಿರೆಳೆದುಕೊಂಡ.

"ಹಿಂದಕ್ಕೇ!"

ಪಾಪ್ಲರ್ ಮರದ ಕಾಗೆಗಳೆಲ್ಲ ಎದ್ದವು. ಮೋಟಾರಿನವನು ಬೆಚ್ಚಿ ಚೆಂಡನ್ನು ಕಾಲಡಿಯಲ್ಲೇ ಮರೆತು ನಿಂತ. ಇಡೀ ಮೈದಾನ ಮೇಲೆ ನೋಡಿತು. ಸುಖೋವ್‌ಗೆ ಆ ಧ್ವನಿ ಕಿವಿಗೆ ಬಿದ್ದದ್ದೇ ತಡ, ಕೈ ತಾನೇ ತಾನಾಗಿ ಜೇಬಿಗೆ ಹೋಯಿತು. ಸೀಟಿ ಊದುವುದನ್ನೂ ಮರೆತು ಬೆನ್ನು ನೆಟ್ಟಗೆ ಮಾಡಿ, ತೋಳು ಚಾಚಿ, ಐದನೇ ಮಹಡಿಗೆ ಕೆಂಪು ಕಾರ್ಡು ತೋರಿಸಿದ. ಯಾರಿಗಪ್ಪಾ ಇದು ಎಂದು ಮೋಟಾರಿನ ಗೋಲ್‌ಕೀಪರ್ ಕೂಡ ಬೆನ್ನು ತಿರುಗಿಸಿ ಕಟ್ಟಡದ ಕಡೆ ಕಣ್ಣು ಹಾಯಿಸಿದ.

ಚರ್ಮದವರ ಬಲಬದಿಯ ಲುಕ್ಯಾನ್‌ಗೆ ಚಿಕ್ಕಂದಿನಿಂದ ಕಿವಿ ಮಂದ. ಎಲ್ಲರೂ ಯಾಕೆ ನಿಂತರೆಂದು ಅವನಿಗೆ ತಿಳಿಯಲಿಲ್ಲ. ಹತ್ತಿರದಲ್ಲೇ ಅನಾಥವಾಗಿ ಬಿದ್ದಿದ್ದ ಚೆಂಡನ್ನು ತೆಗೆದುಕೊಂಡು ಹೋಗಿ, ಗೋಲ್‌ಕೀಪರನ ಬೆನ್ನ ಹಿಂದೆ, ಮೆಲ್ಲಗೆ ಬಲೆಯೊಳಗೆ ಇಟ್ಟ ಹಾಗೆ ಒದ್ದ.

"ಗೋಲಾ?" ಎಂದು ಮಿರೋನ್ ಕೇಳಿದ.

ಸುಖೋವ್ ತನ್ನ ಬಾಯಲ್ಲಿ ಸೀಟಿ ಇಲ್ಲದಿರುವುದನ್ನು ಮುಟ್ಟಿ ನೋಡಿಕೊಂಡ. "ನಾನು ಊದಲಿಲ್ಲ," ಎಂದ ದುಃಖದಿಂದ. "ಗೋಲೇ."

ಪಂದ್ಯ ಎರಡು-ಒಂದಕ್ಕೆ ಮುಗಿಯಿತು. ಮೋಟಾರಿನವರು ದೂರು ಕೊಟ್ಟರು. ಶಿಸ್ತು ಸಮಿತಿಯ ಮುಂದೆ ಗ್ಲಾಫಿರಜ್ಜಿ ಟ್ರಾಮಿನ ಹಳೇ ಕೋಟು ತೊಟ್ಟು ಸಾಕ್ಷಿಗೆ ಹೋದಳು.

"ನನ್ನ ಮನೆ ಅತಿಥಿನ ಹೊರಗೆ ಹಾಕೋಕೆ ನೀವ್ಯಾರು?" ಎಂದು ಕೇಳಿದಳು. "ಕಿರುಚಿದ್ದು ತಪ್ಪು. ಅದಕ್ಕೆ ಶಿಕ್ಷೆ ನಾನು ಕೊಟ್ಟಿದೀನಿ. ತಿಂಗಳು ಪೂರ್ತಿ ಬರೀ ಟೀ."

ಸಮಿತಿಯವರು ನಿಯಮವನ್ನೆಲ್ಲ ತಿರುವಿ ಹಾಕಿದರೂ ಬಾಲ್ಕನಿಯ ಮಾತು ಎಲ್ಲೂ ಸಿಗಲಿಲ್ಲ. ಗೋಲು ಊರ್ಜಿತವಾಯಿತು, ತಂಡ ಮೇಲಿನ ಲೀಗಿಗೆ ಹೋಯಿತು. ನೋನ್ನಾಗೆ ಕಾರ್ಖಾನೆಯವರು ಹೊಸ ಜಾಡಿಗಳನ್ನು ಕೊಡಿಸಿದರು.

ಹೆಸರು ಹಬ್ಬಿ, ಆ ಚಳಿಗಾಲದಲ್ಲಿ ದಕ್ಷಿಣದ ದೊಡ್ಡದೊಂದು ಕ್ಲಬ್ಬಿನವರು ತೀಖೊನ್‌ನನ್ನು ಕರೆಸಿಕೊಂಡರು. ಬಿಸಿಗಾಳಿಯ ಡ್ರೆಸ್ಸಿಂಗ್ ರೂಮು, ಚರ್ಮದ ಕುರ್ಚಿ, ಎಲ್ಲ ತೋರಿಸಿದರು. ತೀಖೊನ್ ಮೈದಾನದ ನಡುವೆ ನಿಂತು ಒಂದು ಸುತ್ತು ತಿರುಗಿದ. ನಾಲ್ಕೂ ಕಡೆ ಗೋಧಿ ಹೊಲ, ದೂರದಲ್ಲೊಂದು ನೀರಿನ ಟ್ಯಾಂಕು.

"ಆ ಟ್ಯಾಂಕಿನ ಮೇಲೆ ಯಾರಾದ್ರೂ ಇರ್ತಾರಾ?" ಎಂದು ಕೇಳಿದ.

"ಪಾರಿವಾಳ ಇರ್ತಾವೆ," ಎಂದರು.

ತೀಖೊನ್ ಎಲ್ಲರ ಕೈಕುಲುಕಿ ತನ್ನೂರಿಗೆ ಮರಳುವ ಸಂಜೆಯ ರೈಲು ಹತ್ತಿದ.