ಜಯಪ್ಪನವರ ಮೊಮ್ಮಗಳಿಗೊಂದು ಊರು

ಜಯಪ್ಪನವರಿಗೆ ನಡೆಯುತ್ತ ಯೋಚಿಸುವುದು ಬಾರದು. ಮನಸ್ಸಿಗೊಂದು ಗೊಂದಲ ಹೊಕ್ಕಿತೆಂದರೆ ಕಾಲು ಇದ್ದಲ್ಲಿಯೇ ಕೀಲಿಸಿದಂತೆ ನಿಂತುಬಿಡುತ್ತದೆ. ಶನಿವಾರಸಂತೆಯ ಪೇಟೆಯಲ್ಲಿ ಅವರ ಬೆನ್ನಿಗೆ ಡಿಕ್ಕಿ ಹೊಡೆಯದವರು ವಿರಳ. ಬೇಸಿಗೆಯಲ್ಲೂ ಬಿಡದ ಕಂದು ಉಣ್ಣೆಯ ಕೋಟು, ಅದರ ಗುಂಡಿಯನ್ನು ತಿರುಗಿಸುತ್ತಿರುವ ಹೆಬ್ಬೆರಳು, ಅರ್ಧ ತೆರೆದ ಬಾಯಿ, ಇಷ್ಟು ಕಂಡರೆ ಪರಿಚಿತರು ಬಳಸಿಕೊಂಡು ಹೋಗುತ್ತಾರೆ.

ಕಳೆದ ಮಾಗಿಯಲ್ಲಿ ಅವರು ಹಾಗೆ ನಿಂತದ್ದು ಸ್ವಂತ ಕಾಫಿ ಕಣದ ನಡುವೆ. ಸೈನ್ಯದಲ್ಲಿ ಲಾರಿ ನಡೆಸುವ ಮಗ ಕೀರ್ತಿಕುಮಾರನಿಗೆ ಬಹುಕಾಲದ ಹಂಬಲದ ಫಲವಾಗಿ ಹೆಣ್ಣುಮಗು ಹುಟ್ಟಿತ್ತು. ಮರುದಿನ ನಾಮಕರಣ. ತಮ್ಮ ದಿವಂಗತ ತಾಯಿ ಕಾಶಮ್ಮನ ಹೆಸರನ್ನೇ ಇಡುವುದೆಂದು ಜಯಪ್ಪನವರು ಊರಿಗೆಲ್ಲ ಸಾರಿಯೂ ಆಗಿತ್ತು. ಆಗ ರಜೆಯ ಮೇಲೆ ಬಂದಿದ್ದ ಮಗ ಮೆಲ್ಲನೆ ಬಾಯಿಬಿಟ್ಟ.

"ಅಪ್ಪ, ನಾನೂ ಸುಧಾನೂ ನುಬ್ರಾ ಅಂತ ಇಡೋಣ ಅಂದ್ಕೊಂಡಿದೀವಿ."

"ಅದ್ಯಾವ ದೇವ್ರೋ?"

"ದೇವ್ರಲ್ಲ, ಲಡಾಖ್ ಕಡೆಯ ಒಂದು ಕಣಿವೆ."

"ಊರಿನ ಹೆಸರನ್ನ ಮಗೀಗೆ ಇಡ್ತಾರೇನೋ? ನಾಳೆ ಗೋಣಿಕೊಪ್ಪಲು ಅಂತ ಇನ್ನೊಂದು ಹುಟ್ಟುತ್ತಾ?"

"ಈಗ ಎಲ್ರೂ ಇಡ್ತಾರಪ್ಪ. ನನ್ನ ಜೊತೆಯವನ ಮಗ ಮಿಲನ್. ಅದೂ ಇಟಲೀಲಿರೋ ಊರಂತೆ." ಮಗನ ದನಿ ತಗ್ಗಿತು. "ಸುಧಾ ಬಸುರಿ ಅಂತ ಫೋನ್ ಬಂದಾಗ ನಾನು ನುಬ್ರಾದಲ್ಲಿದ್ದೆ. ಅಲ್ಲೇ ಮರಳ ಮೇಲೆ ಕೂತು ಅತ್ತುಬಿಟ್ಟೆ."

ಜಯಪ್ಪನವರಿಗೆ ಅಳು ಅರ್ಥವಾಯಿತು, ಹೆಸರು ಅರ್ಥವಾಗಲಿಲ್ಲ. "ಆದ್ರೂ ಮನುಷ್ಯರಿಗೆ ಮನುಷ್ಯರ ಹೆಸರೇ ಚೆಂದ. ನಮ್ಮವ್ವಂದೇ ನೋಡು," ಎಂದರು.

ಮೊರದಲ್ಲಿ ಮೆಣಸು ಕೇರುತ್ತಿದ್ದ ಹೆಂಡತಿ ವಿಶಾಲಾಕ್ಷಮ್ಮ ತಲೆಯೆತ್ತದೆ ಕೇಳಿದರು: "ಅಲ್ರೀ, ಕಾಶಿ ಅನ್ನೋದು ಇನ್ನೇನು?"

ಜಯಪ್ಪನವರು ನಿಂತರು, ಬಿಸಿಲು ಕಣದಿಂದ ಸರಿದರೂ ನಿಂತೇ ಇದ್ದರು. ಕಾಶಿ ಊರೆಂಬುದು ತಿಳಿಯದ್ದೇನಲ್ಲ, ಅದು ಅವ್ವನ ಹೆಸರಿನೊಳಗೆ ಕುಳಿತಿದೆಯೆಂಬುದು ಮಾತ್ರ ಹೊಳೆದಿರಲಿಲ್ಲ. ಬಾಲ್ಯದಲ್ಲಿ ನೆರೆಯ ಮುದುಕರೊಬ್ಬರು ಸಾಯುವ ಮುನ್ನ ಕಾಶಿಯನ್ನು ನೋಡಬೇಕೆಂದಾಗ, ಅವ್ವನನ್ನು ನೋಡಲು ಬರುತ್ತಾರೆಂದೇ ನಂಬಿ ಜಗಲಿಗೆ ಚಾಪೆ ಹಾಸಿದ್ದ ಹುಡುಗ ಅವರು. ಅವ್ವನಿಗೆ ಹೆಸರಿಟ್ಟ ಅಜ್ಜ ಆ ಊರನ್ನು ಕಂಡವನಲ್ಲ. ಅವ್ವ ಹಾಸನ ದಾಟಿದವಳಲ್ಲ. ಹಾಗಾದರೆ ಇಷ್ಟು ಕಾಲ ತಾವು ಹೆಮ್ಮೆಯಿಂದ ಹೇಳಿಕೊಂಡದ್ದು ತಾಯಿಯ ಹೆಸರನ್ನೋ, ಯಾರೂ ಕಾಣದ ಒಂದು ಊರನ್ನೋ?

ಮರುದಿನ ಸೋದರತ್ತೆ ಸೌಜನ್ಯ ಮಗುವಿನ ಕಿವಿಯಲ್ಲಿ ಮಗ-ಸೊಸೆ ಆರಿಸಿದ ಹೆಸರನ್ನೇ ಉಸುರಿದ ಮೇಲೆ ತಾತನ ಸರದಿ ಬಂತು. ಜಯಪ್ಪನವರು ತೊಟ್ಟಿಲಿಗೆ ಬಾಗಿದವರು ಹಾಗೆಯೇ ಉಳಿದರು. ನೆಂಟರು ಕಾದರು. ಸುಧಾಳ ಕಣ್ಣು ನೆಲ ನೋಡುತ್ತಿತ್ತು.

"ಆ ಕಣಿವೇಲಿ ನೀರು ಐತೇನೋ?" ಎಂದು ಮಗನತ್ತ ತಿರುಗಿದರು.

"ಹೊಳೇನೇ ಐತಪ್ಪ."

"ಹಂಗಾದ್ರೆ ಸರಿ." ಯಾವುದು ಸರಿಯೆಂಬುದು ಅವರಿಗೇ ಸ್ಪಷ್ಟವಿರಲಿಲ್ಲ. ಆದರೂ ಎಳೆಯ ಕಿವಿಗೆ ಬಾಯಿ ತಂದು, ನಾಲಗೆ ತಡವರಿಸುತ್ತ, "ನುಬ್ರಾ" ಎಂದರು.

ಲೋಕ ತಿಳಿಯದೆ ಹೋದಾಗ ಕೆಲವರು ಜಗಳವಾಡುತ್ತಾರೆ, ಕೆಲವರು ತಿಳಿದವರಂತೆ ನಟಿಸುತ್ತಾರೆ. ಜಯಪ್ಪನವರಂಥವರು ತಿಳಿಯದ್ದನ್ನು ತಿಳಿಯದಂತೆಯೇ ಎತ್ತಿಕೊಂಡು ಮುದ್ದಾಡುತ್ತಾರೆ. ಮನೆಗೆ ಬಂದ ಹೊಸ ಜೀವಗಳು ಬಹುಶಃ ಇಂಥವರ ಮಡಿಲಲ್ಲೇ ಬೆಳೆಯುತ್ತವೆ.