ಒಂಬತ್ತೂವರೆ ಬೆರಳಿನ ಗೆರೆ

ಮೂರನೆಯ ಕಾರಿನ ಮುಂದೆ ಮಗಳು ಮಾತು ನಿಲ್ಲಿಸಿದಳು. ಇವಳು ಇದಕ್ಕೆ ಸೋತಳು ಎಂದು ಅಪ್ಪನಿಗೆ ಆಗಲೇ ಗೊತ್ತಾಯಿತು.

ಬೆಳಗಿನಿಂದ ಎರಡು ಕಾರು ನೋಡಿ ಆಗಿತ್ತು. ಮೊದಲನೆಯದು ನೀಲಿ ಹೊಗೆ ಉಗುಳುತ್ತಿತ್ತು. ಯಾರೋ ಓಡಿಸಿ ಓಡಿಸಿ ಅದರ ಜೀವ ಹಿಂಡಿದ್ದರು. ಎರಡನೆಯದನ್ನು ಎಷ್ಟು ತಗ್ಗಿಸಿದ್ದರೆಂದರೆ ರಸ್ತೆಯ ಮೊದಲ ಉಬ್ಬಿಗೇ ಅದರ ಹೊಟ್ಟೆ ಉಜ್ಜಿತು. "ಇದ್ರಲ್ಲಿ ದಿನಾ ಹೋದ್ರೆ ನಾನೇ ನನ್ನ ರೋಗಿಗಳ ಸಾಲಲ್ಲಿ ಕೂತಿರ್ತೀನಿ" ಎಂದಿದ್ದಳು ಮಗಳು. ಅವಳು ಬಿದ್ದವರನ್ನು, ಮುರಿದವರನ್ನು ಮತ್ತೆ ನಡೆಸಲು ವ್ಯಾಯಾಮ ಮಾಡಿಸುವವಳು. ಬೆಳಗ್ಗೆ ಒಂದು ಆಸ್ಪತ್ರೆ, ಮಧ್ಯಾಹ್ನದ ಮೇಲೆ ಊರಿನ ಇನ್ನೊಂದು ತುದಿಯಲ್ಲಿ ಮತ್ತೊಂದು, ನಡುವೆ ಹೆದ್ದಾರಿ. ಮೂರು ವರ್ಷ ಬಸ್ಸಿನಲ್ಲಿ ನಿಂತು ಕೂಡಿಟ್ಟ ಹಣಕ್ಕೆ ಒಳ್ಳೆಯ ಸಾದಾ ಕಾರೇ ಸಿಗುತ್ತಿತ್ತು. "ಡಬ್ಬಿಯಿಂದ ಇಳಿದು ಇನ್ನೊಂದು ಡಬ್ಬಿ ಹತ್ತಬೇಕೇನಪ್ಪಾ?" ಎಂದು ಅವಳು ಕೇಳಿದಾಗ ಅವನು ಸ್ಪೋರ್ಟ್ಸ್ ಕಾರು ಹುಡುಕಲು ಹೊರಟಿದ್ದ.

ಇದು ಕಡುನೀಲಿ. ಎರಡೇ ಬಾಗಿಲು, ನೆಗೆಯಲು ಕೂತ ಬೆಕ್ಕಿನ ಬೆನ್ನು. ಹನ್ನೆರಡು ವರ್ಷ ಹಳೆಯದು, ಆದರೂ ಸ್ಟಾರ್ಟ್ ಮಾಡಿದಾಗ ಎಂಜಿನ್ ಒಂದೇ ಮಾತಿಗೆ ಓಗೊಟ್ಟಿತು.

"ಒಂದು ಗೀರೂ ಬಿದ್ದಿಲ್ಲ" ಎಂದ ದಲ್ಲಾಳಿ. "ವಾರಕ್ಕೊಂದು ಸಲ ತೆಗೀತಿದ್ರು ಅಷ್ಟೆ. ಯಜಮಾನ್ರೇ, ನೀವೇ ನೋಡಿ, ನಿಮಗೆ ನಾನು ಹೇಳೋದೇನಿದೆ?"

ಹೇಳುವುದೇನೂ ಇರಲಿಲ್ಲ. ಮೂವತ್ತು ವರ್ಷ ಶೆಡ್ಡಿನಲ್ಲಿ ನುಗ್ಗಾದ ಕಾರುಗಳ ತಗಡು ಬಡಿದು ನೆಟ್ಟಗೆ ಮಾಡಿದವನು ಅವನು. ಬಲಗೈಯ ತೋರುಬೆರಳಿನ ಅರ್ಧವನ್ನು ತಗಡು ಕತ್ತರಿಸುವ ಯಂತ್ರ ತಿಂದ ದಿನದಿಂದ ಎಲ್ಲರ ಬಾಯಲ್ಲಿ ಅವನು ಒಂಬತ್ತೂವರೆ ಮೇಸ್ತ್ರಿ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಜೇಬಿನಿಂದ ತೆಗೆದು ಬಾನೆಟ್ಟಿನ ಮೇಲೆ, ಬಾಗಿಲ ಮೇಲೆ ಇಟ್ಟ. ಕಚ್ಚಿತು. ಗಾಜಿನ ಪಕ್ಕದ ಕಂಬದ ಬುಡದಲ್ಲಿ ಇಟ್ಟ. ಜಾರಿ ಬಿತ್ತು.

ಬಣ್ಣದ ಕೆಳಗೆ ತಗಡಲ್ಲ, ಸಂದು ಮುಚ್ಚಲು ಮೆತ್ತುವ ಪುಟ್ಟಿ. ಇನ್ನೊಂದು ಕಂಬದಲ್ಲೂ ಅದೇ ಎತ್ತರಕ್ಕೆ ಪುಟ್ಟಿ.

ಅವನು ಸೀಟು ಮಡಚಿ, ಹಿಂದೆ ಮಂಡಿಯೂರಿ, ನೆಲದ ಕಾರ್ಪೆಟ್ಟಿನ ಅಂಚು ಎತ್ತಿದ. ಈ ಬದಿಯಿಂದ ಆ ಬದಿಗೆ ಅಡ್ಡಕ್ಕೆ ಒಂದು ಬೆಸುಗೆ. ಮುಂದಿನ ಅರ್ಧ ಒಂದು ಕಾರಿನದು, ಹಿಂದಿನ ಅರ್ಧ ಬೇರೊಂದರದು. ಬೆಸುಗೆಯ ಮೇಲೆ ಬಳಿದ ಕರಿ ಅಂಟಿನಲ್ಲಿ ಜೋಡಿ ಗೆರೆ: ನಡುಬೆರಳು ಸವರಿದ ಅಗಲದ ಗೆರೆ, ಅದರ ಮಗ್ಗುಲಲ್ಲಿ ಮೋಟು ಬೆರಳು ಎಳೆದ ಸಣ್ಣ ಗೆರೆ.

ಅವನು ಇದನ್ನು ಬೆಸೆದಾಗ ಒಂದರ್ಧ ಬಿಳಿ, ಒಂದರ್ಧ ಕೆಂಪು ಇತ್ತು. ಬಣ್ಣದವನಿಗೆ ಒಪ್ಪಿಸುವ ಮುಂಚೆ ಶೆಡ್ಡಿನ ಯಜಮಾನ ಅವನ ಬೆನ್ನು ತಟ್ಟಿದ್ದ. "ಚಿಂತೆ ಯಾಕೋ? ಇದನ್ನ ಓಡಿಸೋನು ನೀನಲ್ಲವಲ್ಲ."

"ಹೇಗಿದೆಯಪ್ಪಾ?"

ಅವನು ಕಾರ್ಪೆಟ್ ಬಿಟ್ಟು ಎದ್ದ. ಕಾರಿನ ನಿಜ ಹೇಳಿದರೆ ತನ್ನ ನಿಜವನ್ನೂ ಹೇಳಿದಂತೆ. "ನಮ್ಮಪ್ಪ ಮುಟ್ಟಿದ ಕಾರಿಗೆ ದೃಷ್ಟಿಯೂ ತಾಗಲ್ಲ" ಎಂದು ಗೆಳತಿಯರ ಮುಂದೆ ಹೇಳಿಕೊಂಡು ಬೆಳೆದ ಹುಡುಗಿ ಇವಳು. ನುಂಗಲೂ ಆಗದ, ಉಗುಳಲೂ ಆಗದ ತುತ್ತು.

"ಬೇಡ. ಗೇರ್‌ಬಾಕ್ಸ್ ಸರಿಯಿಲ್ಲ."

"ಗೇರ್ ಹಾಕೇ ಇಲ್ಲವಲ್ಲ ನೀನು?"

"ಸದ್ದಲ್ಲೇ ಗೊತ್ತಾಗುತ್ತೆ."

"ಅಪ್ಪಾ, ನನಗೆ ಸುಳ್ಳು ಹೇಳ್ಬೇಡ. ಕಾಸು ದಂಡ ಅಂತ ತಾನೆ? ಸಾದಾ ಕಾರೇ ತಗೋ ಅಂತ ಮೊದಲೇ ಹೇಳ್ಬೇಕಿತ್ತು." ಅವಳು ಚೀಲದಿಂದ ಪರ್ಸು ತೆಗೆದಳು. ದಲ್ಲಾಳಿಯ ಕಡೆ ತಿರುಗಿದಳು. "ಅಡ್ವಾನ್ಸ್ ಎಷ್ಟು ಕೊಡ್ಬೇಕು?"

"ಮಗಳೇ, ಇಲ್ಲಿ ಬಾ" ಎಂದ ಅವನು.

ಅವಳು ಬಂದು ಬಗ್ಗಿದಳು. ಅವನು ಕಾರ್ಪೆಟ್ ಎತ್ತಿ ಹಿಡಿದ. ಅವಳಿಗೆ ಗೆರೆಯ ಗುರುತು ಸಿಕ್ಕಿತು. ಮನೆಯ ಬಚ್ಚಲ ತೊಟ್ಟಿಯ ಅಂಚಿಗೆ, ಕಿಟಕಿಯ ಸಂದಿಗೆ, ಅಡುಗೆ ಕಟ್ಟೆಯ ಮೂಲೆಗೆ ಅವನು ಬಳಿದ ಅಂಟಿನಲ್ಲೆಲ್ಲ ಅದೇ ಜೋಡಿ ಗೆರೆ ಇತ್ತು. ಚಿಕ್ಕವಳಿದ್ದಾಗ ಅವಳು ಅದನ್ನು ರೈಲು ಹಳಿ ಎನ್ನುತ್ತಿದ್ದಳು, ಇರುವೆಗಳನ್ನು ಅದರ ಮೇಲೆ ಓಡಿಸಲು ನೋಡುತ್ತಿದ್ದಳು.

ಅವಳು ಗೆರೆಯ ಮೇಲೆ ಬೆರಳಿಟ್ಟಳು. ಅದರ ಉದ್ದಕ್ಕೂ ಎಳೆದಳು.

"ಗುದ್ದಿದ್ರೆ ಏನಾಗುತ್ತೆ?"

"ಇಲ್ಲಿಗೆ ಬಿಡುತ್ತೆ. ಎರಡಾಗುತ್ತೆ."

"ಮಾಡೋವಾಗ ಗೊತ್ತಿತ್ತಾ?"

"ಗೊತ್ತಿತ್ತು."

"ಇಂಥವು ಎಷ್ಟು ಮಾಡಿದೀಯ?"

"ಎಣಿಸಿಲ್ಲ ಮಗಳೇ."

ಅವಳು ಎದ್ದು ಕೈ ಒರೆಸಿಕೊಂಡಳು. "ನನ್ನ ಹತ್ರ ಬರೋರಲ್ಲಿ ಎಷ್ಟು ಜನ..." ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟಳು. ಆಮೇಲೆ, ಪರಿಚಯವಿಲ್ಲದವರೊಡನೆ ಮಾತಾಡುವಂತೆ, ಮೆಲ್ಲಗೆ ಹೇಳಿದಳು: "ಇದನ್ನ ನೋಡೋಕೆ ಬರೋರಿಗೆ ಹೇಳಿ ಬಾ. ನಾನು ಬಸ್‌ಸ್ಟಾಪಲ್ಲಿ ಇರ್ತೀನಿ."

ಬರುವವರು ಅರ್ಧ ಗಂಟೆಯಲ್ಲೇ ಬಂದರು: ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ಗಂಡ, ಇನ್ನೂ ಹುಡುಗ, ಕಾರಿನ ಸುತ್ತ ಎರಡು ಸುತ್ತು ಹಾಕಿ ಶಿಳ್ಳೆ ಹೊಡೆದ. ಒಂಬತ್ತೂವರೆ ಮೇಸ್ತ್ರಿ ಅಡ್ಡ ನಿಂತ.

"ತಗೋಬೇಡಪ್ಪ. ಇದು ಎರಡು ಕಾರು ಕತ್ತರಿಸಿ ಜೋಡಿಸಿದ್ದು."

ದಲ್ಲಾಳಿ ಜೋರಾಗಿ ನಕ್ಕ. "ಇವರ ಮಗಳಿಗೆ ಬೇಕಿತ್ತು ಸಾರ್, ರೇಟು ಕುದುರಲಿಲ್ಲ. ಕೈಗೆಟುಕದ ದ್ರಾಕ್ಷಿ ಹುಳಿ."

"ನಿಮಗೆ ಹೇಗೆ ಗೊತ್ತು?" ಎಂದ ಹುಡುಗ.

"ಮಾಡಿದೋನು ನಾನೇ." ಮೇಸ್ತ್ರಿ ಕಾರ್ಪೆಟ್ ಎತ್ತಿದ. ಗೆರೆ ತೋರಿಸಿದ, ಮೋಟು ಬೆರಳು ತೋರಿಸಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದನ್ನು ಯಾರ ಮುಂದಾದರೂ ತಾನಾಗಿ ಚಾಚಿದ್ದ.

ಹೆಂಡತಿ ಗಂಡನ ತೋಳು ಹಿಡಿದಳು. "ಬೇಡ ರೀ, ಹೋಗೋಣ."

ಹುಡುಗ ಬೆಸುಗೆ ನೋಡಿದ, ಬೆರಳು ನೋಡಿದ, ಕಾರಿನ ತಲೆಯ ಮೇಲೆ ಅಂಗೈಯಿಂದ ಬಡಿದ. "ಯಾವಾಗ ಮಾಡಿದ್ದು?"

"ಹನ್ನೊಂದು ವರ್ಷ ಆಯ್ತು."

"ಹನ್ನೊಂದು ವರ್ಷದಿಂದ ಓಡ್ತಿದೆ! ಹಾಗಿದ್ರೆ ಕೆಲಸ ಚೆನ್ನಾಗೇ ಮಾಡಿದೀರಲ್ಲ ಯಜಮಾನ್ರೇ." ದಲ್ಲಾಳಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಕೇಳಿದ್ರಲ್ಲ, ತೇಪೆ ಹಾಕಿದ ಗಾಡಿ. ಈಗ ಸರಿಯಾಗಿ ರೇಟು ಹೇಳಿ."

ಮೇಸ್ತ್ರಿ ಇನ್ನೂ ಹೇಳಿದ. ಹೆದ್ದಾರಿ ಎಂದ, ಲಾರಿ ಎಂದ, ಕೊನೆಗೆ ಕೈಮುಗಿದ. ಅವನ ಒಂದೊಂದು ಮಾತಿಗೂ ಬೆಲೆ ಇಳಿಯುತ್ತ ಹೋಯಿತು. ಸಾಕು ಎನ್ನುವಷ್ಟು ಇಳಿದಾಗ ಹುಡುಗ ದಲ್ಲಾಳಿಯ ಕೈಕುಲುಕಿದ. ಹೆಂಡತಿ ಹತ್ತುವಾಗ ಒಮ್ಮೆ ಹಿಂದಿರುಗಿ ನೋಡಿದಳು. ಬಾಗಿಲು ಎಳೆದುಕೊಂಡಳು, ಅದು ತನ್ನ ಚೌಕಟ್ಟಿನಲ್ಲಿ ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಹೋಗಿ ಕೂತಿತು.

ಬಸ್‌ಸ್ಟಾಪಿನಲ್ಲಿ ಮಗಳು ಕಂಬಕ್ಕೆ ಒರಗಿ ನಿಂತಿದ್ದಳು.

"ಹೇಳಿದ್ಯಾ?"

"ಹೇಳಿದೆ."

"ಮತ್ತೆ?"

ಅಷ್ಟರಲ್ಲೇ ಕಡುನೀಲಿ ಕಾರು ಅವರ ಮುಂದೆ ಹಾದು ಹೆದ್ದಾರಿಯ ಕಡೆ ತಿರುಗಿತು. ಅದರ ಸದ್ದು ಅಡಗುವವರೆಗೂ ಮಗಳು ಅತ್ತಲೇ ನೋಡಿದಳು. ಬಸ್ಸು ಬಂತು. ಅವಳು ಮೊದಲು ಹತ್ತಿದಳು. ಜೋಡಿ ಸೀಟೊಂದು ಪೂರ್ತಿ ಖಾಲಿಯಿತ್ತು. ಅದನ್ನು ದಾಟಿ ಹೋಗಿ ಯಾರೋ ಮುದುಕಿಯ ಪಕ್ಕ ಕೂತಳು.